ವೈಯಾಕರಣ ಲಿಂಡ್ಲಿ ಮರ್ರೆ

ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವರ ನಾಲಗೆಯ ಮೇಲೆ ಕೆಲವು ಹೆಸರುಗಳು ಎಂದಿಗೂ ಅಳಿಸದಂತೆ ನೆಲೆಸಿರುತ್ತವೆ. ಆರ್ಟಿಕಲ್, ನೌನ್, ಆಡ್ಜೆಕ್ಟಿವ್, ಪ್ರೊನೌನ್, ವರ್ಬ್, ಆಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್ಜೆಕ್ಷನ್ ಎಂಬ ಈ ಒಂಬತ್ತು ಹೆಸರುಗಳನ್ನು ಪಂಕ್ತಿ ತಪ್ಪದೆ ಒಪ್ಪಿಸಲಾರದೆ ಬೆಂಚಿನ ಮೇಲೆ ನಿಂತವರು ನಮ್ಮಲ್ಲಿ ಕಡಮೆಯಿಲ್ಲ. ಶಾಲೆಯನ್ನು ಬಿಟ್ಟು ಬಹುಕಾಲವಾದ ಮೇಲೆ ಬೀಜಗಣಿತದ ಸೂತ್ರಗಳೂ ರಾಜಮನೆತನಗಳ ಇಸವಿಗಳೂ ಮಾಸಿಹೋಗುತ್ತವೆ. ಈ ಹೆಸರುಗಳು ಮಾತ್ರ ಉಳಿಯುತ್ತವೆ. ಇವುಗಳನ್ನು ಯಾರೋ ಒಬ್ಬ ಮಹಾನುಭಾವನು ಸೃಷ್ಟಿಸಿದನೆಂದು ಹೇಳುವಂತಿಲ್ಲ. ಎರಡು ಸಾವಿರ ವರ್ಷಗಳ ಅವಧಿಯಲ್ಲಿ, ಗ್ರೀಸಿನಲ್ಲಿ ಮೊಳೆತು, ರೋಮಿನಲ್ಲಿ ಬೆಳೆದು, ಇಂಗ್ಲೆಂಡಿನಲ್ಲಿ ನೆಲೆಯೂರಿದ ಹೆಸರುಗಳಿವು. ಆದರೆ ಲ್ಯಾಟಿನ್ ಪಾಠಶಾಲೆಯ ಮುಚ್ಚಿದ ಕೋಣೆಯಿಂದ ಇವುಗಳನ್ನು ಹೊರತಂದು, ಲ್ಯಾಟಿನ್ನಿನ ಗಂಧವಿಲ್ಲದ ಲಕ್ಷಾಂತರ ಮಂದಿಯ ಕೈಗೆ ಕೊಟ್ಟವನು ಒಬ್ಬನಿದ್ದನು. ಆತನು ಶಾಲೆಯ ಅಧ್ಯಾಪಕನಾಗಿರಲಿಲ್ಲ; ವಿಶ್ವವಿದ್ಯಾನಿಲಯದ ಪದವಿಯನ್ನೂ ಪಡೆದಿರಲಿಲ್ಲ. ವೃತ್ತಿಯಿಂದ ವಕೀಲ, ಆಮೇಲೆ ವರ್ತಕ, ಕೊನೆಗೆ ಕಾಲುಗಳ ಬಲವುಡುಗಿ ಕುರ್ಚಿಯಲ್ಲೇ ಕಾಲ ಕಳೆದ ರೋಗಿ. ಆತನೇ ಲಿಂಡ್ಲಿ ಮರ್ರೆ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲಿಷ್ ಬಲ್ಲ ನಾಡುಗಳಲ್ಲಿ ಮರ್ರೆ ಎಂದರೆ ವ್ಯಾಕರಣ, ವ್ಯಾಕರಣ ಎಂದರೆ ಮರ್ರೆ ಎಂಬ ಮಾತಾಗಿತ್ತು. ಆತನ ಪುಸ್ತಕಗಳು ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲೂ ಕೂಡಿ ಒಂದು ಕೋಟಿಗಿಂತಲೂ ಹೆಚ್ಚು ಪ್ರತಿಗಳು ಮಾರಾಟವಾಗಿರಬೇಕೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಇಷ್ಟು ಪ್ರಸಿದ್ಧನಾದವನ ಜೀವನದ ಕಥೆ ಇಂದು ಇಂಗ್ಲಿಷ್ ಕಲಿಸುವವರಿಗೂ ಅಷ್ಟಾಗಿ ತಿಳಿಯದು. ಪಾಠಪುಸ್ತಕ ಬರೆದವರ ಹಣೆಯಬರಹವೇ ಹೀಗೆಂದು ತೋರುತ್ತದೆ. ಕವಿಯ ಹೆಸರು ಕಾವ್ಯದೊಡನೆ ಉಳಿಯುತ್ತದೆ. ಪಾಠಪುಸ್ತಕಕಾರನು ಕಲಿಸಿದ್ದು ಉಳಿದು, ಕಲಿಸಿದವನು ಮರೆಯಾಗುತ್ತಾನೆ.

ಲಿಂಡ್ಲಿ ಮರ್ರೆಯು ೧೭೪೫ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ, ಸ್ವಟಾರ ಎಂಬ ಹೊಳೆಯ ಬದಿಯಲ್ಲಿ ಹುಟ್ಟಿದನು. ಆಗ ಆ ದೇಶವಿನ್ನೂ ಇಂಗ್ಲೆಂಡಿನ ವಸಾಹತಾಗಿತ್ತು. ತಂದೆ ರಾಬರ್ಟ್ ಮರ್ರೆ ಮೊದಲು ಹಿಟ್ಟಿನ ಗಿರಣಿಯನ್ನು ನಡೆಸಿಕೊಂಡಿದ್ದು, ಕ್ರಮೇಣ ವೆಸ್ಟ್ ಇಂಡೀಸ್ ದ್ವೀಪಗಳೊಡನೆ ವ್ಯಾಪಾರವನ್ನು ಬೆಳೆಸಿದವನು. ತಾಯಿ ಮೇರಿ, ಲಿಂಡ್ಲಿ ಮನೆತನದ ಹೆಣ್ಣುಮಗಳು; ತವರಿನ ಹೆಸರನ್ನೇ ಹಿರಿಯ ಮಗನಿಗಿಟ್ಟಳು. ಆ ದಂಪತಿಗಳಿಗೆ ಹುಟ್ಟಿದ ಹನ್ನೆರಡು ಮಕ್ಕಳಲ್ಲಿ ಆತನೇ ಮೊದಲಿಗ. ಮನೆತನದವರು ಕ್ವೇಕರ್ ಪಂಥಕ್ಕೆ ಸೇರಿದವರು. ಪುರೋಹಿತರಿಲ್ಲದೆ, ಮಂತ್ರಘೋಷವಿಲ್ಲದೆ, ಮೌನವಾಗಿ ಕುಳಿತು ಪ್ರಾರ್ಥಿಸುವ ಆ ಪಂಥದವರು ಆಡಂಬರವನ್ನು ಒಲ್ಲರು; ಯುದ್ಧವನ್ನು ಒಪ್ಪರು; ಗಂಡುಮಕ್ಕಳಂತೆ ಹೆಣ್ಣುಮಕ್ಕಳೂ ಓದಬೇಕೆಂಬುದನ್ನು ಉಳಿದವರಿಗಿಂತ ಮೊದಲೇ ಮನಗಂಡವರು. ಈ ಕೊನೆಯ ಗುಣವು ಮರ್ರೆಯ ಬಾಳಿನಲ್ಲಿ ಹೇಗೆ ಫಲಿಸಿತೆಂಬುದನ್ನು ಮುಂದೆ ನೋಡುವೆವು.

೧೭೫೩ರ ಸುಮಾರಿಗೆ ಸಂಸಾರವು ನ್ಯೂಯಾರ್ಕಿಗೆ ಬಂದಿತು. ರಾಬರ್ಟನು ಕೆಲವೇ ವರ್ಷಗಳಲ್ಲಿ ಆ ಪಟ್ಟಣದ ಅಗ್ರಗಣ್ಯ ವರ್ತಕರಲ್ಲಿ ಒಬ್ಬನಾದನು. ಇಂದಿಗೂ ನ್ಯೂಯಾರ್ಕಿನ ನಡುಭಾಗದಲ್ಲಿರುವ ಮರ್ರೆ ಹಿಲ್ ಎಂಬ ಬಡಾವಣೆ ಆತನ ತೋಟದ ಮನೆಯಿದ್ದ ಸ್ಥಳವೇ ಆಗಿದೆ. ಸ್ವಾತಂತ್ರ್ಯ ಸಮರದ ಕಾಲದಲ್ಲಿ, ೧೭೭೬ರಲ್ಲಿ, ತಾಯಿ ಮೇರಿಯು ಇಂಗ್ಲಿಷ್ ಸೇನಾಪತಿ ಹೋವ್‌ನನ್ನು ಮನೆಗೆ ಕರೆದು, ತಿಂಡಿಪಾನೀಯಗಳ ಉಪಚಾರದಲ್ಲಿ ಕಾಲಹರಣ ಮಾಡಿಸಿ, ವಾಷಿಂಗ್ಟನ್ನನ ಸೈನ್ಯದ ಒಂದು ತುಕಡಿ ಪಾರಾಗಿಹೋಗಲು ಅವಕಾಶ ಮಾಡಿಕೊಟ್ಟಳೆಂಬ ಐತಿಹ್ಯವೊಂದು ಅಮೆರಿಕದಲ್ಲಿ ಪ್ರಸಿದ್ಧವಾಗಿದೆ. ಅದು ಎಷ್ಟರಮಟ್ಟಿಗೆ ದಿಟವೆಂದು ಇತಿಹಾಸಕಾರರು ತರ್ಕಿಸಿದ್ದಾರೆ.

ಬಾಲಕ ಲಿಂಡ್ಲಿ ಚುರುಕುಬುದ್ಧಿಯವನು, ಅಷ್ಟೇ ಹಠಮಾರಿ. ತಂದೆಗೆ ಮಗನನ್ನು ತನ್ನ ಲೆಕ್ಕದ ಮನೆಯಲ್ಲಿ ಕೂರಿಸಬೇಕೆಂಬ ಆಸೆ. ಮಗನಿಗೆ ಪುಸ್ತಕದ ಮೇಲೆ ಆಸೆ. ಒಂದು ಸಂಜೆ ಅಪ್ಪಣೆಯಿಲ್ಲದೆ ಮನೆಯಿಂದ ಹೊರಗೆ ಹೋದ ತಪ್ಪಿಗೆ ತಂದೆಯು ಕಠಿಣವಾಗಿ ಶಿಕ್ಷಿಸಿದಾಗ, ಹುಡುಗನು ಮನೆಯನ್ನೇ ತೊರೆದು ನ್ಯೂಜೆರ್ಸಿಯ ಬರ್ಲಿಂಗ್ಟನ್ನಿಗೆ ಹೋಗಿ, ಅಲ್ಲಿಯ ವಸತಿಶಾಲೆಯೊಂದನ್ನು ತಾನೇ ಸೇರಿಕೊಂಡನು. ಓಡಿಹೋದ ಹುಡುಗರು ಸಾಮಾನ್ಯವಾಗಿ ಹಡಗನ್ನು ಹತ್ತುತ್ತಾರೆ; ಈತನು ಶಾಲೆಯನ್ನು ಹತ್ತಿದನು. ಅಲ್ಲಿ ಫ್ರೆಂಚ್ ಭಾಷೆಯನ್ನು ಕಲಿಯತೊಡಗಿದನು. ಬಂಧುಗಳು ಪತ್ತೆಹಚ್ಚಿ ಸಮಾಧಾನಪಡಿಸಿ ಕರೆತಂದ ಮೇಲೆ, ತಂದೆಯೂ ಮೆತ್ತಗಾಗಿ ಮನೆಯಲ್ಲೇ ಒಬ್ಬ ಅಧ್ಯಾಪಕನನ್ನು ನೇಮಿಸಿದನು.

ಮುಂದೆ ಮಗನಿಗೆ ವಕೀಲಿಯನ್ನು ಕಲಿಯುವ ಹಂಬಲ ಮೂಡಿತು. ತಂದೆ ಒಪ್ಪಲಿಲ್ಲ. ಆಗ ಆತನು ತನ್ನ ಪಕ್ಷವನ್ನು ಸಮರ್ಥಿಸಿ ಒಂದು ಬರಹವನ್ನು ಸಿದ್ಧಪಡಿಸಿದನು. ತಂದೆಯ ವಕೀಲನಾಗಿದ್ದ ಬೆಂಜಮಿನ್ ಕಿಸ್ಸಮನು ಅದನ್ನು ನೋಡಿ ಮೆಚ್ಚಿ, ಹುಡುಗನ ಪರವಾಗಿ ನಿಂತನು. ಆತನ ಕಚೇರಿಯಲ್ಲೇ ಮರ್ರೆಯ ಅಭ್ಯಾಸ ನಡೆಯಿತು. ಮುಂದೆ ಅಮೆರಿಕ ಸಂಯುಕ್ತ ಸಂಸ್ಥಾನದ ಮೊದಲ ಮುಖ್ಯ ನ್ಯಾಯಾಧೀಶನಾದ ಜಾನ್ ಜೇ ಅಲ್ಲಿ ಕೆಲವು ಕಾಲ ಆತನ ಸಹಪಾಠಿಯಾಗಿದ್ದನು. ೧೭೬೭ರಲ್ಲಿ ಮರ್ರೆಯು ಹ್ಯಾನ ಡಾಬ್ಸನ್ ಎಂಬಾಕೆಯನ್ನು ಮದುವೆಯಾದನು. ಮಕ್ಕಳಿಲ್ಲದ ಆ ದಾಂಪತ್ಯವು ಐವತ್ತೆಂಟು ವರ್ಷಗಳಿಗೂ ಮೀರಿ ಬಾಳಿತು. ಕಕ್ಷಿಗಾರರ ಜಗಳವನ್ನು ಆದಷ್ಟೂ ರಾಜಿಯಲ್ಲಿ ಮುಗಿಸಬೇಕೆಂಬುದು ಈ ಕ್ವೇಕರ್ ವಕೀಲನ ಪದ್ಧತಿಯಾಗಿತ್ತು.

ತಂದೆಯ ವ್ಯವಹಾರದ ನಿಮಿತ್ತ ಇಂಗ್ಲೆಂಡಿಗೆ ಹೋಗಿದ್ದ ಮರ್ರೆಯು ೧೭೭೧ರಲ್ಲಿ ಹಿಂತಿರುಗಿದ ಕೆಲವೇ ವರ್ಷಗಳಲ್ಲಿ ಸ್ವಾತಂತ್ರ್ಯ ಸಮರವು ಹೊತ್ತಿಕೊಂಡಿತು. ನ್ಯಾಯಾಲಯಗಳು ಮುಚ್ಚಿದವು. ಯುದ್ಧವನ್ನೊಪ್ಪದ ಆತನು ಹೆಂಡತಿಯೊಡನೆ ಲಾಂಗ್ ಐಲೆಂಡಿನ ಇಸ್ಲಿಪ್ ಎಂಬ ಕಡಲದಂಡೆಯ ಹಳ್ಳಿಗೆ ಸರಿದು, ದೋಣಿ ನಡೆಸುತ್ತ, ಮೀನು ಹಿಡಿಯುತ್ತ ಸುಮಾರು ನಾಲ್ಕು ವರ್ಷಗಳನ್ನು ಕಳೆದನು. ಆದರೆ ಎಷ್ಟು ದಿನವೆಂದು ಹಾಗೆ ಕುಳಿತಿರಬಹುದು? ಇಂಗ್ಲಿಷ್ ಸೈನ್ಯದ ವಶದಲ್ಲಿದ್ದ ನ್ಯೂಯಾರ್ಕಿಗೆ ಮರಳಿ, ತಂದೆಯ ನೆರವಿನಿಂದ ವ್ಯಾಪಾರಕ್ಕಿಳಿದನು. ಯುದ್ಧ ಮುಗಿಯುವ ವೇಳೆಗೆ ಕೆಲಸದಿಂದ ನಿವೃತ್ತನಾಗಿ ಬಾಳಬಲ್ಲಷ್ಟು ಸಂಪತ್ತು ಕೈಸೇರಿತ್ತು. ಈಸ್ಟ್ ನದಿಯ ದಡದಲ್ಲಿ ಬೆಲ್‌ವ್ಯೂ ಎಂಬ ಮನೆಯನ್ನು ಕೊಂಡನು. ಆ ಸ್ಥಳವೇ ಮುಂದೆ ಬೆಲ್‌ವ್ಯೂ ಆಸ್ಪತ್ರೆಯಾಯಿತೆಂಬುದನ್ನು ನೆನೆದರೆ ವಿಧಿಯ ವಿನೋದ ಎನಿಸದಿರದು; ಏಕೆಂದರೆ ಆ ಮನೆಯಲ್ಲಿ ಸುಖವಾಗಿರಲೆಂದು ಬಂದ ಮರ್ರೆಗೆ ಅಲ್ಲಿಯೇ ರೋಗವು ಕಾದಿತ್ತು.

ಮೊದಲು ಜ್ವರ ಬಂದಿತು; ಅನಂತರ ಕಾಲುಗಳ ಸ್ನಾಯುಗಳು ಬಲಗುಂದತೊಡಗಿದವು. ಸ್ವಲ್ಪ ದೂರ ನಡೆದರೂ ಆಯಾಸವಾಗುತ್ತಿತ್ತು. ಊರೂರು ತಿರುಗಿ ಹವೆಯನ್ನು ಬದಲಾಯಿಸಿ ನೋಡಿದ್ದಾಯಿತು. ಇಂಗ್ಲೆಂಡಿನ ಯಾರ್ಕ್‌ಷೈರಿನ ತಂಪುಹವೆ ಒಗ್ಗಬಹುದೆಂದು ವೈದ್ಯರು ಸೂಚಿಸಿದರು. ೧೭೮೪ರ ಕೊನೆಯಲ್ಲಿ ದಂಪತಿಗಳು ಹಡಗನ್ನೇರಿದರು. ಗುಣವಾದ ಮೇಲೆ ಹಿಂತಿರುಗುವ ಯೋಚನೆ ಅವರದು. ಆದರೆ ಆತನು ತಾಯ್ನಾಡನ್ನು ಮತ್ತೆ ನೋಡಲಿಲ್ಲ. ಯುದ್ಧಕಾಲದಲ್ಲಿ ಶತ್ರುವಶದ ಪಟ್ಟಣದಲ್ಲಿ ವ್ಯಾಪಾರ ಮಾಡಿದವನಿಗೆ ಹೊಸ ಗಣರಾಜ್ಯದಲ್ಲಿ ನೆಮ್ಮದಿ ಇರಲಾರದೆಂಬುದೂ ಈ ಪ್ರಯಾಣಕ್ಕೆ ಒಂದು ಕಾರಣವಾಗಿರಬೇಕೆಂದು ಈಚಿನ ಕೆಲವು ಸಂಶೋಧಕರು ಶಂಕಿಸಿದ್ದಾರೆ. ಕಾರಣ ಯಾವುದೇ ಇರಲಿ, ಯಾರ್ಕ್ ನಗರದಿಂದ ಒಂದು ಮೈಲಿಯಷ್ಟು ದೂರದ ಹೋಲ್ಗೇಟ್ ಎಂಬಲ್ಲಿ ಒಂದು ಮನೆ, ಅದರ ಸುತ್ತ ಒಂದು ತೋಟ, ಇವಿಷ್ಟೇ ನಲವತ್ತು ವರ್ಷಗಳ ಕಾಲ ಆತನ ಜಗತ್ತಾದವು. ಮೊದಮೊದಲು ತೋಟದಲ್ಲಿ ನಾಲ್ಕು ಹೆಜ್ಜೆ ಹಾಕುತ್ತಿದ್ದನು. ಆಮೇಲೆ ಗಾಡಿಯಲ್ಲಿ ಕುಳಿತು ಸುತ್ತುತ್ತಿದ್ದನು. ಕೊನೆಯ ಹದಿನಾರು ವರ್ಷ ಮನೆಯೊಳಗೇ ಉಳಿಯಬೇಕಾಯಿತು.

ಹೀಗೆ ಕುಳಿತವನು ಕೊರಗುತ್ತ ಕೂರಲಿಲ್ಲ. ೧೭೮೭ರಲ್ಲಿ, ಸಂಕಟದ ಕಾಲದಲ್ಲಿ ಧರ್ಮಶ್ರದ್ಧೆಯು ಮನಸ್ಸಿಗೆ ಕೊಡುವ ಬಲವನ್ನು ಕುರಿತು ಒಂದು ಪುಸ್ತಕವನ್ನು ತನ್ನ ಹೆಸರನ್ನೂ ಹಾಕದೆ ಅಚ್ಚುಹಾಕಿಸಿ, ಐನೂರು ಪ್ರತಿಗಳನ್ನು ಸುತ್ತಮುತ್ತಲಿನವರಿಗೆ ಉಚಿತವಾಗಿ ಹಂಚಿಸಿದನು. ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಬಿಗಿಯುತ್ತಿದ್ದ ಆ ಕಾಲದಲ್ಲಿ ಅವರನ್ನು ಮನುಷ್ಯರಂತೆ ಕಾಣಬೇಕೆಂದು ಹೊರಟು, ವಿಲಿಯಂ ಟ್ಯೂಕ್ ಎಂಬ ಕ್ವೇಕರನು ಯಾರ್ಕಿನಲ್ಲಿ ಕಟ್ಟಿದ ರಿಟ್ರೀಟ್ ಎಂಬ ಆಶ್ರಯಧಾಮವು ೧೭೯೬ರಲ್ಲಿ ತೆರೆಯಿತು. ಅದಕ್ಕೆ ಬೆಂಬಲವಾಗಿ ನಿಂತವರಲ್ಲಿ ಮರ್ರೆಯೂ ಒಬ್ಬನು. ಇದೇ ಟ್ಯೂಕ್ ಮನೆತನದಿಂದಲೇ ಆತನಿಗೆ ವ್ಯಾಕರಣದ ಕೆಲಸವೂ ಬಂದಿತು.

ವಿಲಿಯಮನ ಪತ್ನಿ ಎಸ್ತರ್ ಟ್ಯೂಕ್ ೧೭೮೫ರಲ್ಲಿ ಯಾರ್ಕಿನಲ್ಲಿ ಕ್ವೇಕರ್ ಬಾಲಕಿಯರಿಗಾಗಿ ಒಂದು ಶಾಲೆಯನ್ನು ತೆರೆದಿದ್ದಳು. ಅಲ್ಲಿ ಪಾಠ ಹೇಳುತ್ತಿದ್ದವರು ತರುಣಿಯರು. ಇಂಗ್ಲಿಷನ್ನು ಚೆನ್ನಾಗಿ ಬಲ್ಲವರಾದರೂ ಅದರ ವ್ಯಾಕರಣವನ್ನು ಕ್ರಮವಾಗಿ ಕಲಿಸುವುದು ಅವರಿಗೆ ಕಷ್ಟವಾಗಿತ್ತು. ಕಾರಣ ಸ್ಪಷ್ಟವಾಗಿದೆ. ಆ ಕಾಲದ ಹುಡುಗರು ವ್ಯಾಕರಣವನ್ನು ಲ್ಯಾಟಿನ್ನಿನ ಮೂಲಕ ಕಲಿಯುತ್ತಿದ್ದರು. ಗ್ರಾಮರ್ ಸ್ಕೂಲ್ ಎಂಬ ಹೆಸರಿನಲ್ಲಿರುವ ಗ್ರಾಮರ್ ಲ್ಯಾಟಿನ್ನಿನದೇ ಹೊರತು ಇಂಗ್ಲಿಷಿನದಲ್ಲ. ಆ ಶಾಲೆಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಆದುದರಿಂದ ತಾವು ದಿನವೂ ಆಡುವ ಮಾತಿನ ಭಾಗಗಳಿಗೆ ಹೆಸರೇನೆಂಬುದು ಅವರ ಪಾಲಿಗೆ ಪರರ ಸೊತ್ತಾಗಿತ್ತು. ಆ ಅಧ್ಯಾಪಕಿಯರು ಸಂಜೆ ಹೋಲ್ಗೇಟಿನ ಮನೆಗೆ ಬಂದು ಮರ್ರೆಯಿಂದ ಪಾಠ ಹೇಳಿಸಿಕೊಂಡರು. ಆಮೇಲೆ, ಇದನ್ನೆಲ್ಲ ಪುಸ್ತಕವಾಗಿ ಬರೆದುಕೊಡಬೇಕೆಂದು ವಿನೋದದ ಧಾಟಿಯಲ್ಲಿ ಒಂದು ಬಿನ್ನವತ್ತಳೆಯನ್ನೇ ಬರೆದು ಕಳುಹಿಸಿದರು. ಮರ್ರೆಯು ಮೊದಲು ಹಿಂಜರಿದು, ಕೊನೆಗೆ ಒಪ್ಪಿದನು. ೧೭೯೫ರಲ್ಲಿ ಯಾರ್ಕಿನಲ್ಲಿ ಆ ಇಂಗ್ಲಿಷ್ ವ್ಯಾಕರಣವು ಅಚ್ಚಾಯಿತು. ಒಂದು ಶಾಲೆಯ ಬಳಕೆಗೆಂದು ಬರೆದ ಪುಸ್ತಕವು ಒಂದು ಶತಮಾನದ ಶಾಲೆಗಳನ್ನೆಲ್ಲ ಆಳುವುದೆಂದು ಬರೆದವನಾಗಲಿ ಬರೆಯಿಸಿದವರಾಗಲಿ ಊಹಿಸಿರಲಾರರು.

ಈ ಪುಸ್ತಕದ ಹಿರಿಮೆಯನ್ನು ತಿಳಿಯಬೇಕಾದರೆ ಅದರೊಳಗಿನ ಒಂಬತ್ತು ಹೆಸರುಗಳ ಪೂರ್ವಕಥೆಯನ್ನು ತುಸು ನೋಡುವುದು ಉಚಿತ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಡಯೊನೀಸಿಯಸ್ ಥ್ರಾಕ್ಸ್ ಎಂಬ ಗ್ರೀಕ್ ವೈಯಾಕರಣನ ಹೆಸರಿನಲ್ಲಿ ಬಂದಿರುವ ಚಿಕ್ಕ ಗ್ರಂಥವೊಂದರಲ್ಲಿ ಪದಗಳನ್ನು ಎಂಟು ಜಾತಿಗಳಾಗಿ ವಿಂಗಡಿಸಿದೆ: ನಾಮ, ಕ್ರಿಯೆ, ಕೃದಂತ, ಆರ್ಟಿಕಲ್, ಸರ್ವನಾಮ, ಪ್ರಿಪೊಸಿಷನ್, ಕ್ರಿಯಾವಿಶೇಷಣ, ಸಂಯೋಜಕ. ರೋಮಿನವರು ಇದನ್ನು ತಮ್ಮ ಭಾಷೆಗೆ ಅಳವಡಿಸಲು ಹೊರಟಾಗ ಒಂದು ತೊಡಕು ಬಂದಿತು: ಲ್ಯಾಟಿನ್ನಿನಲ್ಲಿ ಆರ್ಟಿಕಲ್ಲೇ ಇಲ್ಲ. ಎಂಟು ಎಂಬ ಸಂಖ್ಯೆಯನ್ನು ಬಿಡಲೊಲ್ಲದ ಅವರು, ಅಯ್ಯೋ, ಆಹಾ ಎಂಬಂಥ ಉದ್ಗಾರಗಳನ್ನು ಕ್ರಿಯಾವಿಶೇಷಣದಿಂದ ಬೇರ್ಪಡಿಸಿ ಇಂಟರ್ಜೆಕ್ಷನ್ ಎಂಬ ಹೊಸ ಜಾತಿಯನ್ನಾಗಿ ಮಾಡಿ ಲೆಕ್ಕವನ್ನು ಸರಿದೂಗಿಸಿದರು. ನಮ್ಮ ಯಾಸ್ಕನು ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕರಲ್ಲೇ ಮುಗಿಸಿದುದನ್ನು ಇಲ್ಲಿ ನೆನೆಯಬಹುದು. ಭಾಷೆಯನ್ನು ಎಷ್ಟು ತುಂಡಾಗಿ ಕತ್ತರಿಸಬೇಕೆಂಬುದು ಕತ್ತರಿಸುವವನ ದೃಷ್ಟಿಯನ್ನು ಅವಲಂಬಿಸಿದೆ.

ಹೆಸರುಗಳ ಅರ್ಥವನ್ನು ಬಿಡಿಸಿದರೆ ಅವು ನಿಜಕ್ಕೂ ಸರಳವಾದವು. ನೌನ್ ಎಂದರೆ ಲ್ಯಾಟಿನ್ ಮೂಲದಲ್ಲಿ ಹೆಸರು ಎಂದಷ್ಟೇ ಅರ್ಥ. ನಮ್ಮ ನಾಮಪದವೂ ಅದೇ. ವರ್ಬ್ ಎಂದರೆ ಮಾತು. ವಾಕ್ಯಕ್ಕೆ ಪ್ರಾಣ ಕೊಡುವ ಪದವನ್ನೇ ಮಾತು ಎಂದು ಕರೆದರು. ಅದಕ್ಕೆ ಹತ್ತಿಕೊಂಡಿರುವುದು ಆಡ್ವರ್ಬ್. ನೌನಿನ ಬದಲು ನಿಲ್ಲುವುದು ಪ್ರೊನೌನ್. ಅದರ ಮೇಲೆ ಸೇರಿಸಿದ್ದು ಆಡ್ಜೆಕ್ಟಿವ್. ಮುಂದೆ ಇಟ್ಟದ್ದು ಪ್ರಿಪೊಸಿಷನ್, ಕೂಡಿಸುವುದು ಕಂಜಂಕ್ಷನ್, ನಡುವೆ ಎಸೆದದ್ದು ಇಂಟರ್ಜೆಕ್ಷನ್. ಆರ್ಟಿಕಲ್ ಎಂದರೆ ಬೆರಳಿನ ಗೆಣ್ಣಿನಂಥ ಚಿಕ್ಕ ಕೀಲು. ಲ್ಯಾಟಿನ್ ಬಲ್ಲವನಿಗೆ ಇವು ಮನೆಮಾತು. ಬಾರದವನಿಗೆ ಬಾಯಿಪಾಠದ ಕಬ್ಬಿಣದ ಕಡಲೆ. ಕ್ರಿಸ್ತಶಕ ೧೦೦೦ದ ಸುಮಾರಿಗೆ ಆಲ್‌ಫ್ರಿಕ್ ಎಂಬ ಇಂಗ್ಲಿಷ್ ಸನ್ಯಾಸಿಯು ತನ್ನ ಬಾಲಶಿಷ್ಯರಿಗೆ ಲ್ಯಾಟಿನ್ ಕಲಿಸಲು ಬರೆದ ವ್ಯಾಕರಣದಲ್ಲಿ ಈ ಹೆಸರುಗಳನ್ನೆಲ್ಲ ಅಚ್ಚ ಇಂಗ್ಲಿಷಿಗೆ ತಿರುಗಿಸಿದ್ದನು. ಅವನ ಆಡ್ವರ್ಬಿನ ಹೆಸರಿಗೆ ಮಾತಿನ ಸಂಗಾತಿ ಎಂದರ್ಥ. ಪ್ರೊನೌನಿನ ಹೆಸರಿಗೆ ಹೆಸರಿನ ಪ್ರತಿನಿಧಿ ಎಂದರ್ಥ. ಎಷ್ಟು ಸೊಗಸಾದ ಪ್ರಯತ್ನ! ಆದರೆ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಆ ದೇಶೀ ಹೆಸರುಗಳು ಬಳಕೆಗೆ ಬಾರದೆ ಬಿದ್ದುಹೋದವು; ಲ್ಯಾಟಿನ್ ಹೆಸರುಗಳೇ ಗೆದ್ದವು.

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷಿಗೇ ವ್ಯಾಕರಣ ಬರೆಯುವ ಉತ್ಸಾಹ ಹೆಚ್ಚಿತು. ಆಮ್ಲಜನಕವನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಜೋಸೆಫ್ ಪ್ರೀಸ್ಟ್ಲಿ ೧೭೬೧ರಲ್ಲಿ ಒಂದನ್ನು ಬರೆದನು. ಮುಂದೆ ಬಿಷಪ್ ಪದವಿಗೇರಿದ ರಾಬರ್ಟ್ ಲೌತ್ ೧೭೬೨ರಲ್ಲಿ ಮತ್ತೊಂದನ್ನು ಬರೆದನು. ಲ್ಯಾಟಿನ್ ವ್ಯಾಕರಣದಲ್ಲಿ ನಾಮದ ಒಳಗೇ ಅಡಗಿದ್ದ ಆಡ್ಜೆಕ್ಟಿವ್ ಪ್ರತ್ಯೇಕ ಜಾತಿಯಾಯಿತು. ಕೃದಂತವು ವರ್ಬಿನೊಳಗೆ ಸೇರಿತು. ಆರ್ಟಿಕಲ್ ಮತ್ತೆ ಬಂದಿತು. ಹೀಗೆ ಲೌತನಲ್ಲಿ ಒಟ್ಟು ಒಂಬತ್ತಾದವು. ಮರ್ರೆಯು ಈ ಒಂಬತ್ತನ್ನೇ ಸ್ವೀಕರಿಸಿದನು. ಆತನು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಹಾಗೆಂದು ಹೇಳಿಕೊಳ್ಳಲೂ ಇಲ್ಲ. ತನ್ನದು ಸಂಕಲನವೆಂದು ಪೀಠಿಕೆಯಲ್ಲೇ ತಿಳಿಸಿ, ಋಣಿಯಾಗಿರುವ ವಿದ್ವಾಂಸರ ಹೆಸರುಗಳನ್ನು ಅನಂತರದ ಮುದ್ರಣಗಳಲ್ಲಿ ಹೇಳಿದನು. ಆತನ ಸಾಧನೆಯಿದ್ದುದು ಜೋಡಣೆಯಲ್ಲಿ. ಎಲ್ಲರೂ ಕಲಿಯಲೇಬೇಕಾದ ಲಕ್ಷಣಗಳನ್ನೂ ಸೂತ್ರಗಳನ್ನೂ ದಪ್ಪ ಅಕ್ಷರದಲ್ಲಿ, ಮುಂದುವರಿದವರು ಓದಬೇಕಾದ ವಿವರಣೆಯನ್ನು ಸಣ್ಣ ಅಕ್ಷರದಲ್ಲಿ ಅಚ್ಚುಹಾಕಿಸಿದನು. ವಾಕ್ಯರಚನೆಯನ್ನು ಇಪ್ಪತ್ತೆರಡು ಸೂತ್ರಗಳಲ್ಲಿ ಅಡಕಗೊಳಿಸಿದನು. ೧೭೯೭ರಲ್ಲಿ ತಪ್ಪುವಾಕ್ಯಗಳನ್ನು ತಿದ್ದುವ ಅಭ್ಯಾಸಗಳ ಪುಸ್ತಕವನ್ನೂ, ಅದರ ಉತ್ತರಗಳ ಕೀಲಿಯನ್ನೂ, ಕಿರಿಯರಿಗಾಗಿ ವ್ಯಾಕರಣದ ಸಂಗ್ರಹವನ್ನೂ ಹೊರತಂದನು. ಗುರುವಿಲ್ಲದವನೂ ಒಂಟಿಯಾಗಿ ಕುಳಿತು ಕಲಿಯಲು ಸಾಧ್ಯವಾದುದು ಈ ಕೀಲಿಯಿಂದ.

ಮರ್ರೆಯ ವಿವೇಕಕ್ಕೆ ಒಂದು ನಿದರ್ಶನ ಸಾಕು. ಲ್ಯಾಟಿನ್ನಿನ ವಿಭಕ್ತಿಗಳನ್ನೆಲ್ಲ ಇಂಗ್ಲಿಷಿಗೆ ಹೊರಿಸಬೇಕೆನ್ನುವವರು ಆಗ ಇದ್ದರು. ಇಂಗ್ಲಿಷಿನ ನಾಮಪದವು ರೂಪವನ್ನು ಬದಲಿಸುವುದೇ ವಿರಳ. ಪ್ರಿಪೊಸಿಷನ್ ಸೇರಿದಾಗಲೆಲ್ಲ ಒಂದು ವಿಭಕ್ತಿಯೆಂದರೆ ವಿಭಕ್ತಿಗಳಿಗೆ ಕೊನೆಯೇ ಇರದು ಎಂದು ಆತನು ವಾದಿಸಿದನು. ಮೊದಲು ಎರಡೇ ವಿಭಕ್ತಿಗಳನ್ನು ಒಪ್ಪಿದ್ದವನು, ವಿಚಾರಮಾಡಿ ಮುಂದಿನ ಮುದ್ರಣಗಳಲ್ಲಿ ಮೂರಕ್ಕೇರಿಸಿದನು. ನಾಮಪದದ ಕೊನೆಯಲ್ಲೇ ವಿಭಕ್ತಿಪ್ರತ್ಯಯವನ್ನು ಹೊತ್ತ ಕನ್ನಡವನ್ನಾಡುವ ನಮಗೆ ಈ ವಾದದ ಸ್ವಾರಸ್ಯ ಬೇಗ ತಿಳಿಯುತ್ತದೆ. ಪದದ ಮುಂದೆ ಬರುವ ಪ್ರಿಪೊಸಿಷನ್ ನಮ್ಮಲ್ಲಿಲ್ಲ. ಅದರ ಕೆಲಸವನ್ನು ಪದದ ಹಿಂದೆ ಬರುವ ಪ್ರತ್ಯಯವೂ ಅವ್ಯಯವೂ ಮಾಡುತ್ತವೆ. ನಾಮ, ಆಖ್ಯಾತ, ಅವ್ಯಯ ಎಂದು ಪ್ರಕರಣಗಳನ್ನು ಹೂಡಿದ ಕೇಶಿರಾಜನು ಹದಿಮೂರನೆಯ ಶತಮಾನದಲ್ಲೇ ನಮ್ಮ ಭಾಷೆಗೆ ತಕ್ಕ ವಿಂಗಡಣೆಯನ್ನು ಮಾಡಿದ್ದನು. ಮರ್ರೆಯು ಬದುಕಿದ್ದಾಗಲೇ, ೧೮೧೭ರಲ್ಲಿ, ವಿಲಿಯಂ ಕೇರಿಯು ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದನು. ಅಂದಿನಿಂದ ಎರಡು ನಾಡುಗಳ ವ್ಯಾಕರಣದ ಹೆಸರುಗಳು ನಮ್ಮ ಶಾಲೆಗಳಲ್ಲಿ ಒಂದರ ಪಕ್ಕದಲ್ಲೊಂದು ಬಾಳುತ್ತಿವೆ.

ಪುಸ್ತಕದ ಪ್ರಚಾರವು ಬೆರಗುಗೊಳಿಸುವಂಥದು. ವ್ಯಾಕರಣವು ಹತ್ತಾರು ಸಲ, ಸಂಗ್ರಹವು ನೂರಕ್ಕೂ ಹೆಚ್ಚು ಸಲ ಅಚ್ಚಾದವು. ೧೭೯೯ರಲ್ಲಿ ಆತನು ಸಂಕಲಿಸಿದ ಇಂಗ್ಲಿಷ್ ರೀಡರ್ ಎಂಬ ವಾಚನಪುಸ್ತಕವು ಅಮೆರಿಕದ ಗುಡಿಸಲುಗಳನ್ನೂ ಹೊಕ್ಕಿತು. ಕಾಡಿನ ಅಂಚಿನಲ್ಲಿ ಬೆಳೆದು, ಶಾಲೆಯನ್ನು ಒಟ್ಟಿನಲ್ಲಿ ಒಂದು ವರ್ಷವೂ ಕಾಣದ ಅಬ್ರಹಾಂ ಲಿಂಕನ್ನನು ಅದನ್ನು ಶಾಲಾಬಾಲಕನ ಕೈಗೆ ಬಂದ ಅತ್ಯುತ್ತಮ ಪುಸ್ತಕವೆಂದು ಎಣಿಸಿದ್ದನಂತೆ. ಹುಟ್ಟಿದ ನಾಡಿಗೆ ಕಾಲಿನಿಂದ ಹಿಂತಿರುಗಲಾರದವನು ಅಕ್ಷರದಿಂದ ಹಿಂತಿರುಗಿದನು. ಬಂದ ಹಣವನ್ನು ಮರ್ರೆಯು ತನಗಾಗಿ ಇಟ್ಟುಕೊಳ್ಳಲಿಲ್ಲ, ಧರ್ಮಕಾರ್ಯಗಳಿಗೆ ವಿನಿಯೋಗಿಸಿದನು. ಜೀವನವು ಸರಳವಾಗಿತ್ತು: ಹೊತ್ತಿಗೆ ಸರಿಯಾಗಿ ಏಳುವುದು, ಬರೆಯುವುದು, ಅಚ್ಚಿನ ಕರಡನ್ನು ತಿದ್ದುವುದು, ಬಂದವರೊಡನೆ ಮಾತಾಡುವುದು, ಕಿಟಕಿಯಿಂದ ತೋಟವನ್ನು ನೋಡುವುದು.

ಕೀರ್ತಿಯ ಬೆನ್ನಲ್ಲೇ ಟೀಕೆಯೂ ಬಂದಿತು. ಅಮೆರಿಕದ ನಿಘಂಟುಕಾರ ನೋವಾ ವೆಬ್ಸ್ಟರನು ತನ್ನ ಕೃತಿಯಿಂದ ಮರ್ರೆಯು ಎತ್ತಿಕೊಂಡನೆಂದು ದೂರಿದನು. ವಿಲಿಯಂ ಹ್ಯಾಜ್ಲಿಟ್ಟನು, ಲ್ಯಾಟಿನ್ನಿನ ಅಚ್ಚಿಗೆ ಇಂಗ್ಲಿಷನ್ನು ಒತ್ತುವ ಈ ಪದ್ಧತಿಯನ್ನೇ ಕಟುವಾಗಿ ಖಂಡಿಸಿದನು. ಗೂಲ್ಡ್ ಬ್ರೌನ್ ಎಂಬ ವೈಯಾಕರಣನು ಮರ್ರೆಯ ಪುಸ್ತಕದೊಳಗೇ ವ್ಯಾಕರಣದೋಷಗಳನ್ನು ಹೆಕ್ಕಿ ತೋರಿಸಿದನು. ಈ ಟೀಕೆಗಳಲ್ಲಿ ತಿರುಳಿಲ್ಲದಿಲ್ಲ. ಎರಡು ನಕಾರಗಳು ಸೇರಿದರೆ ಒಂದನ್ನೊಂದು ಹೊಡೆದುಹಾಕುತ್ತವೆಂಬ ಸೂತ್ರವನ್ನು ಲೌತನಿಂದ ಪಡೆದು ಊರೂರಿಗೆ ಮುಟ್ಟಿಸಿದವನು ಮರ್ರೆ. ಚಾಸರನಿಂದ ಷೇಕ್ಸ್‌ಪಿಯರನವರೆಗೆ ಮಹಾಕವಿಗಳೇ ಎರಡು ನಕಾರಗಳನ್ನು ಒತ್ತಿಗಾಗಿ ಬಳಸಿದ್ದರೆಂಬುದನ್ನು ಆ ಸೂತ್ರವು ಲೆಕ್ಕಿಸಲಿಲ್ಲ. ಬಡಬಗ್ಗರ ಆಡುಮಾತು ಅದರಿಂದ ತಪ್ಪಿನ ಪಟ್ಟಿಗೆ ಸೇರಿತು.

ಇಲ್ಲಿ ಒಂದು ಸಂಗತಿಯನ್ನು ಅಧ್ಯಾಪಕರಾದವರು ಆಲೋಚಿಸಬೇಕು. ಯಾರ್ಕಿನ ತರುಣಿಯರ ಕೈಗೆ ಈ ಒಂಬತ್ತು ಹೆಸರುಗಳು ದೀಪವಾಗಿ ಬಂದವು. ತಮಗೆ ಗೊತ್ತಿದ್ದುದನ್ನೇ ಹೆಸರಿಟ್ಟು ಕಾಣುವ, ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸುವ ಶಕ್ತಿ ಅವರಿಗೆ ದೊರೆಯಿತು. ಅದೇ ಹೆಸರುಗಳು ಮುಂದಿನ ತಲೆಮಾರುಗಳ ಶಾಲೆಗಳಲ್ಲಿ ಬೆತ್ತವಾದವು. ಪದವು ವಾಕ್ಯದಲ್ಲಿ ಏನು ಮಾಡುತ್ತದೆಂಬುದನ್ನು ನೋಡುವ ಮೊದಲೇ ಅದರ ಜಾತಿಯನ್ನು ಒಪ್ಪಿಸಬೇಕಾಯಿತು. ಒಂದೇ ಪದ ಇಲ್ಲಿ ನೌನ್, ಅಲ್ಲಿ ವರ್ಬ್ ಆಗುವುದು ಇಂಗ್ಲಿಷಿನ ಜೀವಾಳ. ಬಾಯಿಪಾಠದ ಶಾಲೆಯಲ್ಲಿ ಅದೇ ಭಯದ ಮೂಲವಾಯಿತು. ಹರ್ಮನ್ ಮೆಲ್ವಿಲ್ಲನ ಮೋಬಿ ಡಿಕ್ ಕಾದಂಬರಿಯಲ್ಲಿ ಬುದ್ಧಿಭ್ರಮಣೆಗೊಳಗಾದ ಪಿಪ್ ಎಂಬ ಕರಿಯ ಹುಡುಗನು ನೋಡು ಎಂಬ ಕ್ರಿಯಾಪದದ ರೂಪಗಳನ್ನು ಒಂದೇ ಸಮನೆ ಜಪಿಸುವಾಗ, ಕೇಳಿದವನಿಗೆ ನೆನಪಾಗುವುದು ಮರ್ರೆಯ ವ್ಯಾಕರಣ. ಜಾರ್ಜ್ ಎಲಿಯಟ್ಟಳ ಮಿಡ್ಲ್‌ಮಾರ್ಚ್ ಕಾದಂಬರಿಯಲ್ಲಾದರೋ, ಅಡುಗೆಮನೆಯ ಕೆಲಸದ ನಡುವೆ ಮಕ್ಕಳಿಗೆ ಪಾಠ ಹೇಳುವ ಗಾರ್ತ್ ಎಂಬ ಗೃಹಿಣಿಗೆ ಮರ್ರೆಯ ಪುಸ್ತಕವು ತನ್ನ ಗೌರವದ ಆಧಾರ. ದೀಪವೂ ಹೌದು, ಬೆತ್ತವೂ ಹೌದು. ಹಿಡಿದ ಕೈ ಯಾವುದೆಂಬುದೇ ಮುಖ್ಯ.

ಲಿಂಡ್ಲಿ ಮರ್ರೆಯು ೧೮೨೬ರ ಫೆಬ್ರವರಿ ೧೬ರಂದು ಹೋಲ್ಗೇಟಿನಲ್ಲಿ ತೀರಿಕೊಂಡನು. ಯಾರ್ಕಿನಲ್ಲಿಯ ಕ್ವೇಕರರ ರುದ್ರಭೂಮಿಯಲ್ಲಿ ಆತನನ್ನು ಸಮಾಧಿಮಾಡಿದರು. ಪತ್ರಗಳ ರೂಪದಲ್ಲಿ ಆತನು ಬರೆದಿಟ್ಟ ಆತ್ಮಕಥೆಯನ್ನು ಎಲಿಜಬೆತ್ ಫ್ರಾಂಕ್ ಎಂಬಾಕೆಯು ಅದೇ ವರ್ಷ ಪ್ರಕಟಿಸಿದಳು. ಪತ್ನಿ ಹ್ಯಾನ ೧೮೩೪ರವರೆಗೆ ಬದುಕಿದ್ದಳು. ಆಕೆಯ ತರುವಾಯ ಉಳಿದ ಆಸ್ತಿಯು ಅಮೆರಿಕದಲ್ಲಿ ಗುಲಾಮರ ಬಿಡುಗಡೆಗೆ, ಬಿಡುಗಡೆಯಾದವರ ಮಕ್ಕಳ ವಿದ್ಯಾಭ್ಯಾಸಕ್ಕೆ, ಬಡವರ ನೆರವಿಗೆ, ಪುಸ್ತಕಗಳ ಹಂಚಿಕೆಗೆ ಸಲ್ಲಬೇಕೆಂದು ಮರ್ರೆಯು ಉಯಿಲಿನಲ್ಲಿ ವಿಧಿಸಿದ್ದನು. ಆತನ ತೋಟದಲ್ಲಿದ್ದ ಬೇಸಗೆಮಂಟಪವು ಯಾರ್ಕಿನ ಮೌಂಟ್ ಶಾಲೆಯ ಆವರಣವನ್ನು ಸೇರಿ ಇಂದಿಗೂ ಉಳಿದಿದೆ. ಎಸ್ತರ್ ಟ್ಯೂಕಳ ಶಾಲೆಯ ಪರಂಪರೆಯಲ್ಲೇ, ೧೮೩೧ರಲ್ಲಿ, ಕ್ವೇಕರ್ ಹೆಣ್ಣುಮಕ್ಕಳಿಗಾಗಿ ಹುಟ್ಟಿದ ಶಾಲೆ ಅದು.

ಮರ್ರೆಯ ತರುವಾಯ ವ್ಯಾಕರಣಶಾಸ್ತ್ರವು ಬಹುದೂರ ಸಾಗಿದೆ. ೧೯೫೨ರಲ್ಲಿ ಚಾರ್ಲ್ಸ್ ಫ್ರೈಸ್ ಎಂಬ ಅಮೆರಿಕದ ವಿದ್ವಾಂಸನು ಹಳೆಯ ಹೆಸರುಗಳನ್ನೆಲ್ಲ ಕೈಬಿಟ್ಟು, ಮುಖ್ಯ ಪದಗಳನ್ನು ಒಂದು, ಎರಡು, ಮೂರು, ನಾಲ್ಕು ಎಂಬ ಅಂಕಿಗಳಿಂದಲೂ ಉಳಿದವನ್ನು ಹದಿನೈದು ಗುಂಪುಗಳಿಂದಲೂ ಗುರುತಿಸಿದನು. ಆರ್ಟಿಕಲನ್ನು ಈಗಿನ ವಿದ್ವಾಂಸರು ಡಿಟರ್ಮಿನರ್ ಎಂಬ ದೊಡ್ಡ ಬಳಗದಲ್ಲಿ ಸೇರಿಸುತ್ತಾರೆ. ಆದರೂ ಶಾಸ್ತ್ರದ ಅಂಕಿಗಳು ಶಾಲೆಯ ಹೆಸರುಗಳನ್ನು ಹೊರಗಟ್ಟಲಿಲ್ಲ. ಹೆಸರು ಪೂರ್ಣಸತ್ಯವಲ್ಲದಿರಬಹುದು, ಹಿಡಿದುಕೊಳ್ಳಲು ಒಂದು ಹಿಡಿಯಂತೂ ಹೌದು. ತಾನು ನಡೆಯಲಾರದೆ ಕುಳಿತಿದ್ದು, ಪರರ ಭಾಷಾಭ್ಯಾಸಕ್ಕೆ ಅಂಥ ಹಿಡಿಯೊಂದನ್ನು ಒದಗಿಸಿದವನು ಲಿಂಡ್ಲಿ ಮರ್ರೆ. ಆತನು ಸೃಷ್ಟಿಕರ್ತನಲ್ಲ, ಸಂಗ್ರಾಹಕ. ವಿದ್ಯೆಯ ಚರಿತ್ರೆಯಲ್ಲಿ ಸೃಷ್ಟಿಸುವವರಿಗಿರುವಷ್ಟು ಮನ್ನಣೆ ತಲಪಿಸುವವರಿಗೆ ಸಿಕ್ಕುವುದಿಲ್ಲ. ಆದರೆ ತಲಪಿಸುವವರಿಲ್ಲದಿದ್ದರೆ ಸೃಷ್ಟಿಸಿದ್ದೆಲ್ಲವೂ ಕೆಲವರ ಕಪಾಟಿನಲ್ಲೇ ಉಳಿದುಬಿಡುತ್ತದೆ.